ಕಾಲೇಜಿನ ಹೊಸ್ತಿಲಲ್ಲಿ ಸಿದ್ಧತಾ ಪಾಠಗಳು: ಅಮೆರಿಕದ ಅನುಭವದ ಒಂದು ವಿವೇಚನೆ

1. ವಿಷಯ ಪ್ರವೇಶ

ಉನ್ನತ ವಿದ್ಯಾಭ್ಯಾಸದ ಬಾಗಿಲು ಅಗಲವಾದಂತೆಲ್ಲ ಅದರ ಹೊಸ್ತಿಲಲ್ಲಿ ಒಂದು ಪ್ರಶ್ನೆ ತಪ್ಪದೆ ಬಂದು ನಿಲ್ಲುತ್ತದೆ. ಕಾಲೇಜಿಗೆ ಸೇರಲು ಬೇಕಾದ ಪ್ರಮಾಣಪತ್ರ ಕೈಯಲ್ಲಿದ್ದು, ಅಲ್ಲಿಯ ಪಾಠವನ್ನು ಗ್ರಹಿಸಲು ಬೇಕಾದ ಓದು, ಬರಹ, ಲೆಕ್ಕಗಳ ಬಲ ಸಾಲದೆ ಇರುವ ವಿದ್ಯಾರ್ಥಿಯ ವಿಷಯದಲ್ಲಿ ಕಾಲೇಜಿನ ಕರ್ತವ್ಯವೇನು? ಅವನನ್ನು ಹಿಂದಕ್ಕೆ ಕಳುಹಿಸುವುದು ಒಂದು ಮಾರ್ಗ. ಉಳಿದವರೊಡನೆ ಕೂರಿಸಿ, ದಡ ಸೇರಿದರೆ ಸೇರಲಿ ಎಂದು ಬಿಡುವುದು ಇನ್ನೊಂದು. ಇವೆರಡೂ ಅಧ್ಯಾಪಕನಿಗೆ ಸುಲಭವಾದ ಮಾರ್ಗಗಳು. ವಿದ್ಯಾರ್ಥಿಗೆ ಎರಡರಿಂದಲೂ ಆಗುವ ಫಲ ಹೆಚ್ಚುಕಡಿಮೆ ಒಂದೇ. ಮೂರನೆಯ ಮಾರ್ಗವೆಂದರೆ, ಅವನಿಗೆ ಎಲ್ಲಿ ಕೊರತೆಯಿದೆಯೋ ಅದನ್ನು ಕಾಲೇಜೇ ಕಲಿಸಿ ಮುಂದಿನ ಪಾಠಕ್ಕೆ ಅಣಿಮಾಡುವುದು. ಈ ಉದ್ದೇಶದಿಂದ ಏರ್ಪಟ್ಟ ಬೋಧನೆಯನ್ನು ಈ ಲೇಖನದಲ್ಲಿ ‘ಸಿದ್ಧತಾ ಪಾಠ’ ಎಂದು ಕರೆಯುತ್ತೇವೆ.

ಈ ಮಾರ್ಗವನ್ನು ಅತಿ ದೀರ್ಘಕಾಲ, ಅತಿ ವಿಸ್ತಾರವಾಗಿ ಪರೀಕ್ಷಿಸಿ ನೋಡಿದ ದೇಶ ಅಮೆರಿಕ. ಅಲ್ಲಿಯ ಅನುಭವದಲ್ಲಿ ಯಶಸ್ಸೂ ಉಂಟು, ಸೋಲೂ ಉಂಟು. ಸೋಲಿನ ಕಾರಣಗಳನ್ನು ಲೆಕ್ಕಹಾಕಿ ತಿದ್ದಿಕೊಂಡ ಪ್ರಯತ್ನವೂ ಉಂಟು. ಸಹಾಯಕ್ಕೆಂದು ಕಟ್ಟಿದ ಸೇತುವೆಯೇ ಸುಂಕದ ಕಟ್ಟೆಯಾಗಿ ಮಾರ್ಪಟ್ಟುದು ಹೇಗೆ, ಅದನ್ನು ಮತ್ತೆ ಸೇತುವೆಯನ್ನಾಗಿಸಲು ಅವರು ಏನು ಮಾಡಿದರು ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಲು ಉದ್ದೇಶಿಸಿದ್ದೇವೆ.

2. ಹಿನ್ನೆಲೆ

‘ಈಗಿನ ಹುಡುಗರಿಗೆ ಏನೂ ಬರುವುದಿಲ್ಲ’ ಎಂಬ ಅಧ್ಯಾಪಕರ ದೂರು ಈಗಿನದಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯವು 1849ರಲ್ಲಿ ಬೋಧನೆಯನ್ನು ಆರಂಭಿಸಿದಾಗ ಅದಕ್ಕೆ ದೊರೆತದ್ದು ಕಾಲೇಜಿನ ತರಗತಿಯಲ್ಲ, ಪೂರ್ವಸಿದ್ಧತೆಯ ತರಗತಿ. ಹೊಸದಾಗಿ ನೆಲೆಗೊಳ್ಳುತ್ತಿದ್ದ ಆ ಪ್ರಾಂತದಲ್ಲಿ ಪ್ರೌಢಶಾಲೆಗಳೇ ವಿರಳವಾಗಿದ್ದುದರಿಂದ, ತನ್ನ ವಿದ್ಯಾರ್ಥಿಗಳನ್ನು ವಿಶ್ವವಿದ್ಯಾನಿಲಯ ತಾನೇ ತಯಾರುಮಾಡಿಕೊಳ್ಳಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಬಹುಪಾಲು ಕಾಲೇಜುಗಳು ಇಂಥ ವಿಭಾಗಗಳನ್ನು ನಡೆಸುತ್ತಿದ್ದವು.

ಹಳೆಯ ಪ್ರತಿಷ್ಠಿತ ವಿದ್ಯಾಸಂಸ್ಥೆಗಳೂ ಇದಕ್ಕೆ ಹೊರತಾಗಿರಲಿಲ್ಲ. ಹಾರ್ವರ್ಡ್ ಕಾಲೇಜು 1874ರಲ್ಲಿ ಪ್ರವೇಶ ಪರೀಕ್ಷೆಗೆ ಇಂಗ್ಲಿಷ್ ಪ್ರಬಂಧ ರಚನೆಯನ್ನು ಸೇರಿಸಿತು. ಉತ್ತಮ ಶಾಲೆಗಳಿಂದ ಬಂದ, ಇಂಗ್ಲಿಷೇ ಮನೆಮಾತಾಗಿದ್ದ ಹುಡುಗರು ಬರೆದ ಪ್ರಬಂಧಗಳು ಪರೀಕ್ಷಕರನ್ನು ದಂಗುಬಡಿಸಿದವು. ಇದರ ಪರಿಣಾಮವಾಗಿ ‘ಇಂಗ್ಲಿಷ್ ಎ’ ಎಂಬ ಬರವಣಿಗೆಯ ಪಾಠವು 1885ರಿಂದ ಮೊದಲ ವರ್ಷದವರಿಗೆ ಕಡ್ಡಾಯವಾಯಿತು. ಇಂದು ಅಮೆರಿಕದ ಕಾಲೇಜುಗಳಲ್ಲಿ ಗೌರವದ ಸ್ಥಾನ ಪಡೆದಿರುವ ಪ್ರಥಮ ವರ್ಷದ ಪ್ರಬಂಧ ರಚನೆಯ ಪಾಠಕ್ಕೆ ಮೂಲ ಇದೇ. ಒಂದು ಕಾಲದಲ್ಲಿ ಕೊರತೆಯನ್ನು ತುಂಬಲು ಹುಟ್ಟಿದ್ದು ಮುಂದೆ ಕಾಲೇಜಿನ ಸಹಜ ಪಾಠವೇ ಆಯಿತು. ‘ಕಾಲೇಜಿನ ಮಟ್ಟ’ ಎಂಬ ಗೆರೆ ಪ್ರಕೃತಿ ಎಳೆದದ್ದಲ್ಲ; ಕಾಲಕಾಲಕ್ಕೆ ಮನುಷ್ಯರು ಎಳೆದುಕೊಂಡದ್ದು ಎಂಬುದನ್ನು ಇದರಿಂದ ಊಹಿಸಬಹುದು.

ಇಪ್ಪತ್ತನೆಯ ಶತಮಾನದಲ್ಲಿ ಬಾಗಿಲು ಮತ್ತಷ್ಟು ತೆರೆಯಿತು. 1944ರ ಕಾನೂನಿನ ನೆರವಿನಿಂದ ಯುದ್ಧದಿಂದ ಮರಳಿದ ಸೈನಿಕರಲ್ಲಿ ಸುಮಾರು 22 ಲಕ್ಷ ಮಂದಿ ಕಾಲೇಜುಗಳನ್ನು ಸೇರಿದರು. ಮನೆಯ ಸಮೀಪದಲ್ಲಿ, ಕಡಮೆ ಶುಲ್ಕದಲ್ಲಿ ಎರಡು ವರ್ಷಗಳ ಶಿಕ್ಷಣ ಕೊಡುವ ಸಮುದಾಯ ಕಾಲೇಜುಗಳು ಊರೂರಿನಲ್ಲಿ ಬೆಳೆದವು. ಆದರೆ ಸಿದ್ಧತಾ ಪಾಠದ ಪ್ರಶ್ನೆ ನಾಡಿನ ಚರ್ಚೆಯ ವಿಷಯವಾದದ್ದು ನ್ಯೂಯಾರ್ಕ್ ನಗರದಲ್ಲಿ.

3. ನ್ಯೂಯಾರ್ಕಿನ ಪ್ರಯೋಗ

1847ರಲ್ಲಿ ‘ಫ್ರೀ ಅಕಾಡೆಮಿ’ ಎಂಬ ಹೆಸರಿನಿಂದ ಸ್ಥಾಪಿತವಾದ ಸಿಟಿ ಕಾಲೇಜು ನಗರದ ಬಡವರ ಮಕ್ಕಳಿಗೆ ಶುಲ್ಕವಿಲ್ಲದೆ ವಿದ್ಯೆಕೊಟ್ಟು ಹೆಸರಾಗಿತ್ತು. ಆದರೆ ಪ್ರವೇಶಕ್ಕೆ ಬೇಕಾದ ಅಂಕಗಳ ಮಟ್ಟ ಏರುತ್ತ ಹೋದುದರಿಂದ, ನಗರದ ಕರಿಯ ಮತ್ತು ಪೋರ್ಟೊರಿಕೊ ಮೂಲದ ಕುಟುಂಬಗಳ ಮಕ್ಕಳು ಅಲ್ಲಿ ವಿರಳವಾಗಿಯೇ ಉಳಿದರು. 1969ರ ವಿದ್ಯಾರ್ಥಿ ಚಳವಳಿಯ ತರುವಾಯ, ನಗರದ ಪ್ರೌಢಶಾಲೆಯನ್ನು ಮುಗಿಸಿದ ಯಾರಿಗೇ ಆಗಲಿ ತನ್ನ ಯಾವುದಾದರೊಂದು ಕಾಲೇಜಿನಲ್ಲಿ ಸ್ಥಳ ಕೊಡುವುದೆಂದು ನ್ಯೂಯಾರ್ಕ್ ನಗರ ವಿಶ್ವವಿದ್ಯಾನಿಲಯ ನಿಶ್ಚಯಿಸಿತು. 1975ಕ್ಕೆಂದು ಯೋಚಿಸಿದ್ದ ಈ ಮುಕ್ತ ಪ್ರವೇಶ 1970ರಲ್ಲಿಯೇ ಜಾರಿಗೆ ಬಂತು. ಆ ವರ್ಷ ಸುಮಾರು 35,000 ಹೊಸ ವಿದ್ಯಾರ್ಥಿಗಳು ಬಂದು ಸೇರಿದರು.

ಬಂದವರಲ್ಲಿ ಹಲವರಿಗೆ ಒಂದು ಪುಟದ ಬರವಣಿಗೆಯೂ ಕಷ್ಟವಾಗಿತ್ತು. ಇವರಿಗೆ ಕಲಿಸುವುದು ಹೇಗೆಂಬ ಸಮಸ್ಯೆಯನ್ನು ಎದುರಿಸಿದವರಲ್ಲಿ ಸಿಟಿ ಕಾಲೇಜಿನ ಮೀನಾ ಶಾಗ್ನೆಸಿ ಎಂಬ ಅಧ್ಯಾಪಕಿಯ ಹೆಸರು ಮುಖ್ಯವಾದುದು. ಆಕೆ 1970ರಿಂದ 1974ರವರೆಗಿನ ಸುಮಾರು 4,000 ಪ್ರಬಂಧಗಳನ್ನು ಪರಿಶೀಲಿಸಿ, 1977ರಲ್ಲಿ ‘ಎರರ್ಸ್ ಅಂಡ್ ಎಕ್ಸ್‌ಪೆಕ್ಟೇಷನ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ತಪ್ಪುಗಳು ಅಡ್ಡಾದಿಡ್ಡಿಯಾಗಿ ಹುಟ್ಟುವುದಿಲ್ಲ, ಅವುಗಳ ಹಿಂದೆ ವಿದ್ಯಾರ್ಥಿಯ ಒಂದು ತರ್ಕ ಇರುತ್ತದೆ ಎಂಬುದು ಆ ಗ್ರಂಥದ ತಿರುಳು. ತಪ್ಪನ್ನು ಕೆಂಪು ಶಾಯಿಯಿಂದ ಗುರುತಿಸುವುದರೊಡನೆ ಅಧ್ಯಾಪಕನ ಕೆಲಸ ಮುಗಿಯುವುದಿಲ್ಲ. ಆ ತರ್ಕವನ್ನು ಪತ್ತೆಹಚ್ಚುವಲ್ಲಿ ಅದು ಆರಂಭವಾಗುತ್ತದೆ.

ಈ ಮಾತು ನಮ್ಮ ತರಗತಿಗಳಿಗೂ ಹೊಂದುವುದರಿಂದ ಎರಡು ಉದಾಹರಣೆಗಳನ್ನು ಕೊಡುತ್ತೇವೆ. ಕನ್ನಡದಲ್ಲಿ ಇಂಗ್ಲಿಷಿನ ‘ದಿ’ ಎಂಬುದಕ್ಕೆ ಸಮನಾದ ಬೇರೆ ಪದವಿಲ್ಲ. ಆದುದರಿಂದ ಕನ್ನಡದ ಹುಡುಗ ಇಂಗ್ಲಿಷ್ ಬರೆಯುವಾಗ ಮೊದಮೊದಲು ಅದನ್ನು ಬಿಟ್ಟುಬಿಡುತ್ತಾನೆ. ಎರಡು ಸಲ ತಿದ್ದಿಸಿಕೊಂಡ ಮೇಲೆ, ಬೇಕಾದಲ್ಲಿ ಬೇಡವಾದಲ್ಲಿ ಪ್ರತಿಯೊಂದು ನಾಮಪದದ ಹಿಂದೆಯೂ ಅದನ್ನು ಸೇರಿಸತೊಡಗುತ್ತಾನೆ. ಎರಡನೆಯ ತಪ್ಪು ಮೊದಲನೆಯದಕ್ಕಿಂತ ಹೆಚ್ಚಿನ ಅಜ್ಞಾನವಲ್ಲ. ಅವನು ನಿಯಮವನ್ನು ಹುಡುಕುತ್ತಿದ್ದಾನೆಂಬುದರ ಗುರುತು. ಇನ್ನು ಗಣಿತವನ್ನು ನೋಡೋಣ. 3 ಮತ್ತು 4ರ ಮೊತ್ತವಾದ 7ರ ಇಮ್ಮಡಿ 14. ಬಿಡಿಬಿಡಿಯಾಗಿ ಇಮ್ಮಡಿಸಿ ಕೂಡಿದರೂ 6 ಮತ್ತು 8 ಸೇರಿ 14. ಈ ನಿಯಮವನ್ನು ಸರಿಯಾಗಿ ಕಲಿತ ವಿದ್ಯಾರ್ಥಿ ವರ್ಗಕ್ಕೂ ಅದನ್ನೇ ಅನ್ವಯಿಸಿ, ಮೊತ್ತದ ವರ್ಗವು ವರ್ಗಗಳ ಮೊತ್ತಕ್ಕೆ ಸಮವೆಂದು ಬರೆಯುತ್ತಾನೆ. 7ರ ವರ್ಗ 49, ಆದರೆ 9 ಮತ್ತು 16 ಸೇರಿದರೆ 25 ಮಾತ್ರ ಎಂಬುದನ್ನು ಅವನಿಂದಲೇ ಲೆಕ್ಕ ಮಾಡಿಸಿದಾಗ ಎರಡು ನಿಯಮಗಳ ನಡುವಣ ಗಡಿ ಅವನಿಗೆ ಕಾಣುತ್ತದೆ. ‘ಇದು ಹತ್ತನೆಯ ತರಗತಿಯ ವಿಷಯ, ನಿನಗೆ ಇಷ್ಟೂ ಬಾರದೆ?’ ಎಂದು ಗದರಿದರೆ ಕಾಣುವುದು ಅಧ್ಯಾಪಕನ ಸಿಟ್ಟು ಮಾತ್ರ.

ನ್ಯೂಯಾರ್ಕಿನ ಪ್ರಯೋಗಕ್ಕೆ ಕಾಲ ಬಹಳ ದಿನ ಅನುಕೂಲವಾಗಿರಲಿಲ್ಲ. ನಗರದ ಹಣಕಾಸಿನ ಮುಗ್ಗಟ್ಟಿನಿಂದ 1976ರಲ್ಲಿ ಶುಲ್ಕರಹಿತ ವಿದ್ಯಾಭ್ಯಾಸ ಕೊನೆಗಂಡಿತು. ಸಿದ್ಧತಾ ಪಾಠಗಳಿಂದ ಪದವಿಯ ಬೆಲೆ ಕುಗ್ಗಿತೆಂಬ ಆಕ್ಷೇಪ ಬಲಗೊಂಡು, ನಾಲ್ಕು ವರ್ಷದ ಕಾಲೇಜುಗಳಿಂದ ಅವನ್ನು ತೆಗೆದುಹಾಕುವ ತೀರ್ಮಾನ 1999ರಲ್ಲಿ ಸ್ಥಿರವಾಯಿತು. ಆ ಮೇಲೆ ಈ ಭಾರವೆಲ್ಲ ಸಮುದಾಯ ಕಾಲೇಜುಗಳ ಮೇಲೆ ಬಿತ್ತು.

4. ಸೇತುವೆ ಸುಂಕದ ಕಟ್ಟೆಯಾದ ಬಗೆ

ಕಳೆದ ಶತಮಾನದ ಕೊನೆಯ ವೇಳೆಗೆ ಅಮೆರಿಕದ ಸಮುದಾಯ ಕಾಲೇಜುಗಳಲ್ಲಿ ಒಂದು ಪದ್ಧತಿ ರೂಢವಾಗಿತ್ತು. ಪ್ರವೇಶ ಪಡೆದ ವಿದ್ಯಾರ್ಥಿ ಮೊದಲು ಒಂದು ವರ್ಗನಿರ್ಣಯ ಪರೀಕ್ಷೆಗೆ ಕೂರಬೇಕು. ಅದರಲ್ಲಿ ಬಂದ ಅಂಕಗಳಿಗೆ ತಕ್ಕಂತೆ ಅವನನ್ನು ಕಾಲೇಜಿನ ಪಾಠಕ್ಕಾಗಲಿ, ಅದಕ್ಕಿಂತ ಒಂದು, ಎರಡು ಅಥವಾ ಮೂರು ಮೆಟ್ಟಲು ಕೆಳಗಿನ ಸಿದ್ಧತಾ ಪಾಠಕ್ಕಾಗಲಿ ಹಾಕುತ್ತಿದ್ದರು. ಗಣಿತದಲ್ಲಿ ಅಂಕಗಣಿತ, ಆರಂಭದ ಬೀಜಗಣಿತ, ಮಧ್ಯಮ ಬೀಜಗಣಿತ ಎಂದು ಮೆಟ್ಟಲುಗಳಿದ್ದವು. ಒಂದೊಂದಕ್ಕೂ ಒಂದೊಂದು ಅವಧಿ, ಒಂದೊಂದಕ್ಕೂ ಶುಲ್ಕ. ಪದವಿಗೆ ಬೇಕಾದ ಕ್ರೆಡಿಟ್ ಮಾತ್ರ ಇವುಗಳಿಂದ ದೊರೆಯುತ್ತಿರಲಿಲ್ಲ.

ಮೇಲುನೋಟಕ್ಕೆ ಇದು ಯುಕ್ತವಾದ ಏರ್ಪಾಡು. ಅಡಿಪಾಯ ಗಟ್ಟಿಯಾಗದೆ ಗೋಡೆ ಎಬ್ಬಿಸಬಾರದೆಂಬುದು ಎಲ್ಲರೂ ಒಪ್ಪುವ ಮಾತು. ಆದರೆ ಇದರಲ್ಲಿ ಒಂದು ಗುಣಾಕಾರ ಅಡಗಿದೆ. ಒಂದು ಕಲ್ಪಿತ ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಬಹುದು. ಕಾಲೇಜಿನ ಪಾಠಕ್ಕಿಂತ ಮೂರು ಮೆಟ್ಟಲು ಕೆಳಗೆ 100 ವಿದ್ಯಾರ್ಥಿಗಳು ಹೊರಡುತ್ತಾರೆಂದು ಇಟ್ಟುಕೊಳ್ಳೋಣ. ಪ್ರತಿ ಪಾಠದಲ್ಲಿಯೂ ನೂರಕ್ಕೆ 75 ಮಂದಿ ಉತ್ತೀರ್ಣರಾಗಲಿ. ಉತ್ತೀರ್ಣರಾದವರಲ್ಲಿ ನೂರಕ್ಕೆ 80 ಮಂದಿ ಮುಂದಿನ ಪಾಠಕ್ಕೆ ಹೆಸರು ಬರೆಸಲಿ. ಎರಡೂ ಉದಾರವಾದ ಅಂದಾಜುಗಳೇ. ಮೊದಲ ಪಾಠವನ್ನು ಮುಗಿಸುವವರು 75. ಎರಡನೆಯದಕ್ಕೆ ಬರುವವರು 60. ಅದನ್ನು ಮುಗಿಸುವವರು 45. ಮೂರನೆಯದಕ್ಕೆ ಬರುವವರು 36. ಅದನ್ನು ಮುಗಿಸುವವರು 27. ಕಾಲೇಜಿನ ಪಾಠದ ಬಾಗಿಲಿಗೆ ಬರುವವರು ಸುಮಾರು 22. ಅದರಲ್ಲಿ ತೇರ್ಗಡೆಯಾಗುವವರು 16. ಒಂದೊಂದು ತರಗತಿಯ ಅಧ್ಯಾಪಕನೂ ‘ನನ್ನಲ್ಲಿ ಮುಕ್ಕಾಲುಪಾಲು ಉತ್ತೀರ್ಣರಾದರು’ ಎಂದು ಸಮಾಧಾನಪಟ್ಟುಕೊಳ್ಳಬಹುದು. ಆ ಸಮಾಧಾನ ಸುಳ್ಳೂ ಅಲ್ಲ. ಆದರೂ ಹೊರಟ ನೂರು ಮಂದಿಯಲ್ಲಿ 84 ಮಂದಿ ಯಾವ ಒಬ್ಬ ಅಧ್ಯಾಪಕನ ಕಣ್ಣಿಗೂ ಬೀಳದೆ ದಾರಿಯಲ್ಲಿ ಕಳೆದುಹೋಗಿದ್ದಾರೆ!

ಕಲ್ಪಿತ ಲೆಕ್ಕ ಹಾಗಿರಲಿ. ವಾಸ್ತವದ ಚಿತ್ರವೂ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಬೈಲಿ, ಜಿಯಾಂಗ್ ಮತ್ತು ಚೊ ಎಂಬ ವಿದ್ವಾಂಸರು 57 ಸಮುದಾಯ ಕಾಲೇಜುಗಳ ಸುಮಾರು ಎರಡೂವರೆ ಲಕ್ಷ ವಿದ್ಯಾರ್ಥಿಗಳ ದಾಖಲೆಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಮಗೆ ವಿಧಿಸಿದ ಸಿದ್ಧತಾ ಪಾಠಗಳನ್ನೆಲ್ಲ ಮುಗಿಸಿದವರು ಓದುಗಾರಿಕೆಯಲ್ಲಿ ಶೇಕಡ 46, ಗಣಿತದಲ್ಲಿ ಶೇಕಡ 33 ಮಾತ್ರ. ಇದಕ್ಕಿಂತ ಮುಖ್ಯವಾದ ಇನ್ನೊಂದು ಅಂಶ ಅದರಿಂದ ಹೊರಬಿತ್ತು. ಪಾಠದಲ್ಲಿ ಅನುತ್ತೀರ್ಣರಾಗಿ ನಿಂತವರಿಗಿಂತ, ಮೊದಲ ಪಾಠಕ್ಕೋ ಮುಂದಿನ ಪಾಠಕ್ಕೋ ಹೆಸರನ್ನೇ ಬರೆಸದೆ ನಿಂತವರು ಹೆಚ್ಚು. ಕಷ್ಟ ಪಾಠದಲ್ಲಿ ಮಾತ್ರ ಇರಲಿಲ್ಲ. ಒಂದು ಪಾಠಕ್ಕೂ ಇನ್ನೊಂದಕ್ಕೂ ನಡುವಣ ಬಿಡುವಿನಲ್ಲಿಯೂ ಇತ್ತು. ಆ ಬಿಡುವಿನಲ್ಲಿ ಕೈಯ ಹಣ ಮುಗಿಯಬಹುದು, ಮನೆಯಲ್ಲಿ ಕಾಯಿಲೆ ಬರಬಹುದು, ಒಂದು ಉದ್ಯೋಗ ಸಿಕ್ಕಬಹುದು. ‘ಒಂದು ವರ್ಷ ಓದಿದರೂ ಇನ್ನೂ ಕಾಲೇಜು ಪ್ರಾರಂಭವಾಗಲಿಲ್ಲವಲ್ಲ’ ಎಂಬ ಬೇಸರವೊಂದೇ ಸಾಕಾಗಬಹುದು.

ವರ್ಗನಿರ್ಣಯ ಪರೀಕ್ಷೆಯ ತೂಕವೂ ಸರಿಯಾಗಿರಲಿಲ್ಲವೆಂದು ಮುಂದೆ ತಿಳಿಯಿತು. 2014ರಲ್ಲಿ ಪ್ರಕಟವಾದ ಸ್ಕಾಟ್-ಕ್ಲೇಟನ್ ಮತ್ತು ಸಂಗಡಿಗರ ಅಧ್ಯಯನದಂತೆ, ಪರೀಕ್ಷೆಗೆ ಕುಳಿತವರಲ್ಲಿ ಗಣಿತದಲ್ಲಿ ಸುಮಾರು ನಾಲ್ವರಲ್ಲಿ ಒಬ್ಬನೂ ಇಂಗ್ಲಿಷಿನಲ್ಲಿ ಸುಮಾರು ಮೂವರಲ್ಲಿ ಒಬ್ಬನೂ ತಮಗೆ ಸಲ್ಲದ ಮಟ್ಟದಲ್ಲಿ ಬಿದ್ದಿದ್ದರು. ಒಂದೆರಡು ಗಂಟೆಯ ಪರೀಕ್ಷೆಗಿಂತ ಪ್ರೌಢಶಾಲೆಯ ಹಲವು ವರ್ಷಗಳ ಅಂಕಗಳೇ ವಿದ್ಯಾರ್ಥಿಯ ಶಕ್ತಿಯನ್ನು ಚೆನ್ನಾಗಿ ತಿಳಿಸುತ್ತವೆಂದು ಕಂಡುಬಂತು. ಬಹು ಕಾಲೇಜುಗಳು ಬಳಸುತ್ತಿದ್ದ ‘ಕಂಪಾಸ್’ ಎಂಬ ಪರೀಕ್ಷೆಯನ್ನು ಅದನ್ನು ನಡೆಸುತ್ತಿದ್ದ ಸಂಸ್ಥೆಯೇ 2016ರಲ್ಲಿ ನಿಲ್ಲಿಸಿಬಿಟ್ಟಿತು.

5. ಮೊದಲು ಸಿದ್ಧತೆಯೇ, ಜೊತೆಯಲ್ಲಿ ಸಿದ್ಧತೆಯೇ?

ಮೇಲಿನ ಲೆಕ್ಕದಲ್ಲಿಯೇ ಪರಿಹಾರದ ದಾರಿಯೂ ಇದೆ. ಮೆಟ್ಟಲುಗಳು ಕಡಮೆಯಾದಷ್ಟೂ ನಷ್ಟ ಕಡಮೆ. ಹಾಗಾದರೆ ವಿದ್ಯಾರ್ಥಿಯನ್ನು ನೇರವಾಗಿ ಕಾಲೇಜಿನ ಪಾಠಕ್ಕೇ ಸೇರಿಸಿ, ಬೇಕಾದ ಸಹಾಯವನ್ನು ಅದೇ ಅವಧಿಯಲ್ಲಿ ಪಕ್ಕದಲ್ಲಿಯೇ ಒದಗಿಸಿದರೆ ಏನಾಗುತ್ತದೆ? ನೂರರಲ್ಲಿ ಅರ್ಧ ಮಂದಿ ಮಾತ್ರ ಉತ್ತೀರ್ಣರಾದರೂ ಹದಿನಾರರ ಬದಲು ಐವತ್ತು ಮಂದಿ ದಡ ಸೇರಿದಂತಾಯಿತು. ಈ ವ್ಯವಸ್ಥೆಯನ್ನು ‘ಜೊತೆಪಾಠ’ ಎನ್ನಬಹುದು.

ಬಾಲ್ಟಿಮೋರ್ ಕೌಂಟಿಯ ಸಮುದಾಯ ಕಾಲೇಜಿನಲ್ಲಿ ಪೀಟರ್ ಆಡಮ್ಸ್ ಮತ್ತು ಸಹೋದ್ಯೋಗಿಗಳು 2007ರಲ್ಲಿ ಆರಂಭಿಸಿದ ಕ್ರಮ ಇದಕ್ಕೆ ಒಳ್ಳೆಯ ಮಾದರಿ. 20 ಮಂದಿಯ ಪ್ರಬಂಧ ರಚನೆಯ ತರಗತಿಯಲ್ಲಿ 12 ಮಂದಿ ಸಾಮಾನ್ಯ ವಿದ್ಯಾರ್ಥಿಗಳು, 8 ಮಂದಿ ಹಿಂದಿನ ಪದ್ಧತಿಯಲ್ಲಿ ಕೆಳಗಿನ ಮೆಟ್ಟಲಿಗೆ ಹೋಗಬೇಕಾಗಿದ್ದವರು. ತರಗತಿ ಮುಗಿದ ಕೂಡಲೆ ಆ 8 ಮಂದಿ ಅದೇ ಅಧ್ಯಾಪಕನೊಡನೆ ಮತ್ತೊಂದು ತರಗತಿಗೆ ಕೂರುತ್ತಾರೆ. ಮೊದಲ ತರಗತಿಯಲ್ಲಿ ಅರ್ಥವಾಗದ್ದನ್ನು ಕೇಳಲು, ಬರೆಯುತ್ತಿರುವ ಪ್ರಬಂಧವನ್ನೇ ತಿದ್ದಿಕೊಳ್ಳಲು ಅಲ್ಲಿ ಅವಕಾಶ. ವ್ಯಾಕರಣದ ಅಭ್ಯಾಸ ಎಂದೋ ಬರಬಹುದಾದ ಅಗತ್ಯಕ್ಕಾಗಿ ಅಲ್ಲ, ನಾಳೆ ಒಪ್ಪಿಸಬೇಕಾದ ಬರಹಕ್ಕಾಗಿ ನಡೆಯುತ್ತದೆ. ಕಲಿತದ್ದನ್ನು ಒಡನೆಯೇ ಬಳಸುವುದರಿಂದ ಅದು ಮನಸ್ಸಿನಲ್ಲಿ ನಿಲ್ಲುತ್ತದೆ.

ಗಣಿತದಲ್ಲಿ ಇನ್ನೊಂದು ಪ್ರಶ್ನೆಯೂ ಎದ್ದಿತು. ಸಮಾಜಶಾಸ್ತ್ರವನ್ನೋ ದಾದಿಯರ ವಿದ್ಯೆಯನ್ನೋ ಓದಬೇಕೆಂದಿರುವವರಿಗೆ ಬೀಜಗಣಿತದ ಮೆಟ್ಟಲುಗಳೇ ಬೇಕೆ, ಸಂಖ್ಯಾಶಾಸ್ತ್ರ ಹೆಚ್ಚು ಉಪಯುಕ್ತವಲ್ಲವೆ? 2013ರಲ್ಲಿ ನ್ಯೂಯಾರ್ಕ್ ನಗರ ವಿಶ್ವವಿದ್ಯಾನಿಲಯದ ಮೂರು ಸಮುದಾಯ ಕಾಲೇಜುಗಳಲ್ಲಿ ಲೋಗ್ ಮತ್ತು ಸಂಗಡಿಗರು ಒಂದು ಪ್ರಯೋಗ ನಡೆಸಿದರು. ಸಿದ್ಧತಾ ಬೀಜಗಣಿತಕ್ಕೆ ಹೋಗಬೇಕಾಗಿದ್ದ 907 ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಬೀಜಗಣಿತದ ಪಾಠವನ್ನು ಮಾತ್ರ ಪಡೆದ ಗುಂಪಿನಲ್ಲಿ ಶೇಕಡ 39ರಷ್ಟು, ಬೀಜಗಣಿತದೊಡನೆ ವಾರಕ್ಕೊಂದು ಸಹಾಯಕ ತರಗತಿ ಪಡೆದವರಲ್ಲಿ ಶೇಕಡ 45ರಷ್ಟು ಉತ್ತೀರ್ಣರಾದರು. ಕಾಲೇಜಿನ ಮಟ್ಟದ ಸಂಖ್ಯಾಶಾಸ್ತ್ರವನ್ನೇ ಸಹಾಯಕ ತರಗತಿಯೊಡನೆ ಓದಿದವರಲ್ಲಿ ಶೇಕಡ 56ರಷ್ಟು ಉತ್ತೀರ್ಣರಾದರು. ಮೇಲಿನ ಮಟ್ಟದ್ದೆನ್ನಿಸಿದ ಪಾಠದಲ್ಲಿಯೇ ಹೆಚ್ಚು ಮಂದಿ ಗೆದ್ದರೆಂಬುದು ಗಮನಿಸತಕ್ಕ ಸಂಗತಿ.

ಇಂಥ ಸಾಕ್ಷ್ಯಗಳಿಂದ ರಾಜ್ಯಗಳ ನೀತಿಯೂ ಬದಲಾಯಿತು. ಟೆನೆಸಿಯ ಸಮುದಾಯ ಕಾಲೇಜುಗಳಲ್ಲಿ 2015ರಿಂದ ಜೊತೆಪಾಠ ರೂಢಿಗೆ ಬಂತು. ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯ ರಾಜ್ಯಗಳು 2017ರಲ್ಲಿ ಈ ಬಗ್ಗೆ ಕಾನೂನು ಮಾಡಿದವು. ನ್ಯೂಯಾರ್ಕ್ ನಗರ ವಿಶ್ವವಿದ್ಯಾನಿಲಯ 2023ರ ಹೊತ್ತಿಗೆ ತನ್ನ ಹಳೆಯ ಬಗೆಯ ಪ್ರತ್ಯೇಕ ಸಿದ್ಧತಾ ಪಾಠಗಳನ್ನು ಕೈಬಿಟ್ಟಿತು.

6. ಎಚ್ಚರಿಕೆಯ ಮಾತು

ಇಷ್ಟರಿಂದ ಸಿದ್ಧತಾ ಪಾಠವೇ ಅನವಶ್ಯಕವೆಂದು ತೀರ್ಮಾನಿಸಿದರೆ ಅದು ದುಡುಕಾಗುತ್ತದೆ. ಕ್ಯಾಲಿಫೋರ್ನಿಯದಲ್ಲಿ ಹೊಸ ಕಾನೂನು ಬಂದ ಮೇಲೆ ಕಾಲೇಜಿನ ಗಣಿತವನ್ನು ಒಂದು ವರ್ಷದೊಳಗೆ ಮುಗಿಸಿದವರ ಸಂಖ್ಯೆ ಬಹಳ ಹೆಚ್ಚಿತು, ನಿಜ. ಅದರ ಜೊತೆಗೆ ಅದೇ ಪಾಠದಲ್ಲಿ ಅನುತ್ತೀರ್ಣರಾದವರ ಸಂಖ್ಯೆಯೂ ಹೆಚ್ಚಿತು. ಹಿಂದೆ ದಾರಿಯಲ್ಲಿ ಕಾಣದೆ ಕಳೆದುಹೋಗುತ್ತಿದ್ದವರು ಈಗ ತರಗತಿಯಲ್ಲಿ ಕಣ್ಣೆದುರಿಗೆ ಸೋಲುತ್ತಿದ್ದಾರೆ ಎಂದು ಇದನ್ನು ಅರ್ಥಮಾಡಬಹುದು. ಆದರೆ ಸೋತವನಿಗೆ ಈ ಅರ್ಥವಿವರಣೆಯಿಂದ ಏನೂ ಸಮಾಧಾನವಿಲ್ಲ. ಜೊತೆಪಾಠದ ಹೆಸರಿನಲ್ಲಿ ಸಿದ್ಧತಾ ಪಾಠವನ್ನು ತೆಗೆದು, ಜೊತೆಯ ಸಹಾಯಕ್ಕೆ ಅಧ್ಯಾಪಕರನ್ನೂ ಹಣವನ್ನೂ ಕೊಡದಿದ್ದರೆ, ನಾವು ಮೊದಲು ಹೇಳಿದ ಎರಡನೆಯ ಮಾರ್ಗಕ್ಕೇ, ಅಂದರೆ ನೀರಿಗೆ ಬಿಟ್ಟು ನೋಡುವ ಮಾರ್ಗಕ್ಕೇ, ಮರಳಿದಂತಾಗುತ್ತದೆ.

ಸಹಾಯ ತುಂಬಿ ಬಂದಾಗ ಏನಾಗಬಹುದೆಂಬುದಕ್ಕೂ ನ್ಯೂಯಾರ್ಕಿನಲ್ಲಿಯೇ ಸಾಕ್ಷ್ಯವಿದೆ. ಅಲ್ಲಿ 2007ರಲ್ಲಿ ಆರಂಭವಾದ ‘ಅಸಾಪ್’ ಎಂಬ ಯೋಜನೆ ವಿದ್ಯಾರ್ಥಿಗಳು ಪೂರ್ಣಕಾಲ ಓದಬೇಕೆಂದು ವಿಧಿಸಿತು. ಅದಕ್ಕೆ ಪ್ರತಿಯಾಗಿ ಶುಲ್ಕದಲ್ಲಿ ಉಳಿದ ಬಾಕಿಯನ್ನು ತುಂಬಿಕೊಟ್ಟಿತು. ನಗರ ಸಾರಿಗೆಯ ಪಾಸು ಕೊಟ್ಟಿತು. ಸಲಹೆಗಾರರು ಪದೇ ಪದೇ ಕಂಡು ಮಾತನಾಡಿಸುವ ಏರ್ಪಾಟು ಮಾಡಿತು. ಸಿದ್ಧತಾ ಪಾಠದ ಅಗತ್ಯವಿದ್ದ ವಿದ್ಯಾರ್ಥಿಗಳ ಮೇಲೆ ನಡೆದ, 2015ರಲ್ಲಿ ವರದಿಯಾದ ಪ್ರಯೋಗದಲ್ಲಿ, ಈ ಯೋಜನೆಗೆ ಸೇರಿದವರಲ್ಲಿ ಶೇಕಡ 40 ಮಂದಿ ಮೂರು ವರ್ಷದೊಳಗೆ ಪದವಿ ಪಡೆದರು. ಸೇರದೆ ಇದ್ದವರಲ್ಲಿ ಶೇಕಡ 22 ಮಂದಿ ಮಾತ್ರ. ಎರಡೂ ಗುಂಪಿನವರ ಬುದ್ಧಿಶಕ್ತಿ ಒಂದೇ, ಹಿಂದಿನ ಓದು ಒಂದೇ. ಬೇರೆಯಾಗಿದ್ದುದು ಕಾಲೇಜು ಅವರನ್ನು ಕಂಡ ರೀತಿ.

7. ನಮ್ಮ ಸಂದರ್ಭ

ನಮ್ಮ ನಾಡಿಗೆ ಈ ಸಮಸ್ಯೆ ಹೊಸದಲ್ಲ. 1952-53ರ ಮೊದಲಿಯಾರ್ ಆಯೋಗವು ಇಂಟರ್‌ಮೀಡಿಯಟ್ ತರಗತಿಯನ್ನು ತೆಗೆದು, ಮೂರು ವರ್ಷದ ಪದವಿ ಶಿಕ್ಷಣಕ್ಕೆ ಮೊದಲು ಒಂದು ವರ್ಷದ ಸಿದ್ಧತೆ ಇರಬೇಕೆಂದು ಸೂಚಿಸಿದಾಗ ಅದರ ಮನಸ್ಸಿನಲ್ಲಿದ್ದುದು ಇದೇ ಬಗೆಯ ಸೇತುವೆ. ಪಿ.ಯು.ಸಿ. ಎಂಬ ಹೆಸರೇ ಅದನ್ನು ಹೇಳುತ್ತದೆ. ಇಂದು ಕರ್ನಾಟಕದಲ್ಲಿ ಪದವಿಪೂರ್ವ ಶಿಕ್ಷಣ ಎರಡು ವರ್ಷದ, ತನ್ನದೇ ಪಬ್ಲಿಕ್ ಪರೀಕ್ಷೆಯುಳ್ಳ ಒಂದು ಸ್ವತಂತ್ರ ಹಂತ. ಕಾಲೇಜಿನ ಓದಿಗೆ ಅಣಿಮಾಡಲು ಹುಟ್ಟಿದ್ದು ತಾನೇ ದಾಟಬೇಕಾದ ಒಂದು ಬಾಗಿಲಾಗಿದೆ. ಭಾರತೀಯ ತಂತ್ರಜ್ಞಾನ ಸಂಸ್ಥೆಗಳಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗ ಹಾಗೂ ಅಂಗವಿಕಲ ವಿದ್ಯಾರ್ಥಿಗಳಿಗಾಗಿ ಒಂದು ವರ್ಷದ ಸಿದ್ಧತಾ ಪಾಠಕ್ರಮ ಉಂಟು. ಅದನ್ನು ತೃಪ್ತಿಕರವಾಗಿ ಮುಗಿಸಿದವರು ಮತ್ತೆ ಪ್ರವೇಶ ಪರೀಕ್ಷೆ ಬರೆಯದೆ ಮೊದಲ ವರ್ಷಕ್ಕೆ ಸೇರಬಹುದು. ನಮ್ಮ ಶಾಲೆಗಳು ವರ್ಷದ ಆರಂಭದಲ್ಲಿ ನಡೆಸುವ ‘ಸೇತುಬಂಧ’ವೂ ಇದೇ ಆಶಯದ್ದು.

ಆದರೂ ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷಿನಲ್ಲಿ ಬೋಧಿಸುವ ಕಾಲೇಜಿಗೆ ಬಂದ ವಿದ್ಯಾರ್ಥಿಯ ಪಾಡನ್ನು ನೋಡಿದರೆ, ನಮ್ಮ ಸೇತುವೆಗಳು ಇನ್ನೂ ಸಾಲವೆಂದು ಹೇಳಬೇಕಾಗುತ್ತದೆ. ‘ದ್ಯುತಿಸಂಶ್ಲೇಷಣೆ’ಯನ್ನು ಚೆನ್ನಾಗಿ ಬಲ್ಲವನು ‘ಫೋಟೋಸಿಂಥೆಸಿಸ್’ ಎಂಬ ಮಾತಿನ ಮುಂದೆ ಮೂಕನಾಗುತ್ತಾನೆ. ಅವನಿಗೆ ವಿಷಯ ಗೊತ್ತಿಲ್ಲವೆಂದು ಅಧ್ಯಾಪಕರು ಬಗೆಯುತ್ತಾರೆ. ಇಂಥವನಿಗೆ ಬೇಕಾದುದು ವಿಜ್ಞಾನವನ್ನು ಮೊದಲಿನಿಂದ ಕಲಿಸುವ ಪ್ರತ್ಯೇಕ ವರ್ಷವಲ್ಲ. ಈ ವಾರದ ಪಾಠದ ಪದಗಳನ್ನೂ ವಾಕ್ಯಗಳನ್ನೂ ಈ ವಾರವೇ, ಸಾಧ್ಯವಾದರೆ ಅದೇ ಅಧ್ಯಾಪಕರಿಂದ, ಎರಡು ಭಾಷೆಗಳಲ್ಲಿಯೂ ತಿಳಿಯುವ ಒಂದು ಜೊತೆಪಾಠ ಅವನಿಗೆ ಬೇಕು. ತರಗತಿಗಳು ಮುಗಿದ ಮೇಲೆ, ಪರೀಕ್ಷೆಯ ಮುನ್ನ, ಹತ್ತು ದಿನ ನಡೆಯುವ ವಿಶೇಷ ಬೋಧನೆ ಆ ಸ್ಥಾನವನ್ನು ತುಂಬಲಾರದು.

8. ಉಪಸಂಹಾರ

ಒಟ್ಟಿನಲ್ಲಿ ಅಮೆರಿಕದ ಅನುಭವದಿಂದ ನಾವು ಗ್ರಹಿಸಬಹುದಾದುದು ಇಷ್ಟು. ಸಿದ್ಧತೆಯ ಕೊರತೆ ಬೇರೆ, ಬುದ್ಧಿಯ ಕೊರತೆ ಬೇರೆ. ಒಂದು ಪರೀಕ್ಷೆಯಿಂದ ವಿದ್ಯಾರ್ಥಿಯ ಮಟ್ಟವನ್ನು ನಿರ್ಣಯಿಸಲಾಗದು. ಸಹಾಯದ ಮೆಟ್ಟಲುಗಳು ಹೆಚ್ಚಾದಷ್ಟೂ ಬೀಳುವವರು ಹೆಚ್ಚು; ಸಹಾಯ ಪಾಠಕ್ಕೆ ಹತ್ತಿರವಾದಷ್ಟೂ ನಿಲ್ಲುವವರು ಹೆಚ್ಚು. ಸಹಾಯವೇ ಇಲ್ಲವಾದರೆ ಯಾವ ಕ್ರಮದಿಂದಲೂ ಪ್ರಯೋಜನವಿಲ್ಲ.

ಪ್ರತಿ ತರಗತಿಯ ಉತ್ತೀರ್ಣರ ಪ್ರಮಾಣವನ್ನು ನಾವೆಲ್ಲರೂ ಲೆಕ್ಕವಿಡುತ್ತೇವೆ. ಮೊದಲ ದಿನ ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಕೊನೆಯ ವರ್ಷದ ಪುಸ್ತಕದಲ್ಲಿ ಇಲ್ಲದವರು ಎಷ್ಟು ಮಂದಿ, ಅವರು ಯಾವ ಮೆಟ್ಟಲಿನಲ್ಲಿ ನಿಂತರು ಎಂಬ ಲೆಕ್ಕವನ್ನು ಒಂದೊಂದು ಕಾಲೇಜೂ ಒಂದು ಸಲ ತೆಗೆದು ನೋಡುವುದು ಉಚಿತ. ಆ ಹೆಸರುಗಳನ್ನು ಹುಡುಕಲು ಹೊಸ ಆಯೋಗ ಬೇಕಿಲ್ಲ. ಪುಸ್ತಕಗಳು ನಮ್ಮ ಕಚೇರಿಯ ಬೀರುಗಳಲ್ಲಿಯೇ ಇವೆ.